ನೇಮಿ ತೊರೆದ ಔತಣ, ಮಂಗರಸ ಬರೆದ ಅಡುಗೆ

ಕನ್ನಡದಲ್ಲಿ ಅಡುಗೆಯನ್ನು ಕುರಿತ ಬರವಣಿಗೆಗೆ ಸಾವಿರ ವರ್ಷಗಳ ಇತಿಹಾಸವಿದೆ. ಆದರೆ ಅದು ಎಡೆಬಿಡದೆ ಹರಿದುಬಂದ ಇತಿಹಾಸವಲ್ಲ. ಒಂದು ಕೃತಿ ಕಾಣಿಸಿಕೊಂಡ ಬಳಿಕ ದೀರ್ಘಕಾಲದ ಮೌನ, ಅನಂತರ ಇನ್ನೊಂದು ಕೃತಿ ಎಂಬಂತೆ ಅದು ಸಾಗಿದೆ. ಇಂದಿಗೂ ತಮ್ಮ ಸೀಮೆಯ ಊಟ-ಉಣಿಸುಗಳನ್ನು ದಾಖಲಿಸಲು ಉತ್ಸಾಹದಿಂದ ಹೊರಟವರು ಹತ್ತಿಪ್ಪತ್ತು ಬರಹಗಳಾದ ಮೇಲೆ ಕೈಬಿಡುವುದುಂಟು. ದಿನವೂ ಮಾಡಿ, ದಿನವೂ ಉಂಡು ಮುಗಿಸುವ ವಸ್ತುವನ್ನು ಬರೆದಿಟ್ಟು ಸಾಧಿಸುವುದೇನು ಎಂಬ ಸಂಶಯ ಬರೆಯುವವರನ್ನು ಒಳಗಿನಿಂದ ಕಾಡುತ್ತದೆ. ಅಡುಗೆಯ ಬರಹವೆಂದರೆ ಹಗುರವಾದ ಬರಹ ಎಂಬ ವಿದ್ವತ್ ವಲಯದ ಉದಾಸೀನ ಅವರನ್ನು ಹೊರಗಿನಿಂದ ತಡೆಯುತ್ತದೆ.

ಈ ಸಂಶಯವನ್ನು ಎದುರಿಸಿ ಕೃತಿಯನ್ನು ಕೊನೆಮುಟ್ಟಿಸಿದವರಲ್ಲಿ ಮೂರನೆಯ ಮಂಗರಸ ಪ್ರಮುಖ. ಕ್ರಿ.ಶ. 1508ರ ಸುಮಾರಿನಲ್ಲಿದ್ದ ಈ ಜೈನ ಕವಿ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದನು. ಅವನಿಗೆ ಈ ಪ್ರೇರಣೆ ಎಲ್ಲಿಂದ ಬಂತು? ವೈರಾಗ್ಯದ ಕಥೆಗಳನ್ನು ಬರೆದ ಕವಿಯೊಬ್ಬ ರೊಟ್ಟಿ, ಪಾನಕ, ಬದನೆಕಾಯಿಗಳ ಮೇಲೆ ಇಷ್ಟು ಶ್ರಮವನ್ನು ಏಕೆ ವ್ಯಯಿಸಿದನು? ಈ ಪ್ರಶ್ನೆಗೆ ಉತ್ತರ ಹುಡುಕಲು ಅವನ ಕಲ್ಲಹಳ್ಳಿಯಿಂದ ಬಹುದೂರದ ಕೊಪ್ಪಳದಿಂದ ಹೊರಡುವುದು ಉಚಿತ.

ಅನ್ನವನ್ನು ತೊರೆದವರ ಬಂಡೆಗಳು

ಇಂದಿನ ಕೊಪ್ಪಳ ಶಾಸನಗಳ ಕೊಪಣ, ಜೈನರ ಮಹಾತೀರ್ಥ. ಕವಿರಾಜಮಾರ್ಗವು ಕನ್ನಡದ ತಿರುಳನ್ನು ಗುರುತಿಸುವಾಗ ಕಿಸುವೊಳಲ್, ಪುಲಿಗೆರೆ, ಒಂಕುಂದಗಳೊಡನೆ ಕೊಪಣ ನಗರವನ್ನೂ ಹೆಸರಿಸುತ್ತದೆ. ಇಲ್ಲಿಯ ಬೆಟ್ಟಗಳಲ್ಲಿ ಅಶೋಕನ ಕಿರು ಬಂಡೆಶಾಸನಗಳ ಜೊತೆಗೆ, ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದವರ ಸ್ಮರಣೆಗಳೂ ಕಲ್ಲಿನಲ್ಲಿ ಉಳಿದಿವೆ.

ಅವುಗಳಲ್ಲಿ ಕ್ರಿ.ಶ. 881ರ ಶಾಸನವೊಂದು ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು. ಕುಂದಕುಂದಾನ್ವಯದ ಏಕಚಟ್ಟುಗದ ಭಟಾರರ ಶಿಷ್ಯರಾದ ಸರ್ವನಂದಿ ಭಟಾರರು ಕೊಪಣದಲ್ಲಿ ನೆಲಸಿ, ಊರಿಗೂ ತೀರ್ಥಕ್ಕೂ ಉಪಕಾರಿಗಳಾಗಿ, ಬಹುಕಾಲ ತಪಸ್ಸು ಮಾಡಿ, ಸನ್ಯಸನವನ್ನು ನೋಂತು ಮುಡಿಪಿದರೆಂದು ಅದು ತಿಳಿಸುತ್ತದೆ. ಅನ್ನವನ್ನು ತೊರೆದ ಮುನಿಯನ್ನು ನೆನೆಯುವಾಗಲೂ ಶಾಸನವು ಅವರು ಊರಿಗೆ ಮಾಡಿದ ಉಪಕಾರವನ್ನು ಮರೆಯುವುದಿಲ್ಲ. ತ್ಯಾಗ ಮತ್ತು ಲೋಕೋಪಕಾರ ಒಂದೇ ಬಂಡೆಯ ಮೇಲೆ ಒಟ್ಟಿಗೆ ನಿಂತಿವೆ.

ಸಲ್ಲೇಖನವನ್ನು ಆಹಾರದ ನಿರಾಕರಣೆ ಎಂದಷ್ಟೇ ಅರ್ಥೈಸುವುದು ಸಾಲದು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಈ ವ್ರತದ ಕ್ರಮವನ್ನು ಹಂತಹಂತವಾಗಿ ನಿರೂಪಿಸುತ್ತದೆ. ಮೊದಲು ಘನಾಹಾರವನ್ನು ಕಡಿಮೆ ಮಾಡಿ ಹಾಲಿನಂತಹ ಸ್ನಿಗ್ಧ ಪಾನಗಳಿಗೆ ಬರಬೇಕು. ಆಮೇಲೆ ಅವನ್ನೂ ಬಿಟ್ಟು ಜಿಡ್ಡಿಲ್ಲದ ತೆಳು ಪಾನಗಳಿಗೆ ಇಳಿಯಬೇಕು. ಕೊನೆಯಲ್ಲಿ ಅವನ್ನೂ ತೊರೆದು ಉಪವಾಸವನ್ನು ಕೈಗೊಳ್ಳಬೇಕು. ಯಾವ ಆಹಾರ ದೇಹದಲ್ಲಿ ಏನು ಮಾಡುತ್ತದೆ, ಯಾವುದು ಗುರು, ಯಾವುದು ಲಘು ಎಂಬುದನ್ನು ಬಲ್ಲವರಲ್ಲದೆ ಈ ಕ್ರಮವನ್ನು ನಡೆಸಲಾರರು. ಬಿಡುವುದಕ್ಕೂ ಅನ್ನದ ಅರಿವು ಬೇಕು. ಜೈನ ಪರಂಪರೆಯಲ್ಲಿ ಉಪವಾಸವೂ ಪಾಕಶಾಸ್ತ್ರವೂ ಒಟ್ಟಿಗೆ ಬೆಳೆದುದರಲ್ಲಿ ವಿರೋಧಾಭಾಸವಿಲ್ಲ ಎಂಬುದನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು.

ತ್ಯಾಗದ ಗ್ರಂಥದಲ್ಲಿ ಇಡ್ಡಲಿಗೆ

ಈ ಮಾತಿಗೆ ಕನ್ನಡ ಸಾಹಿತ್ಯದಲ್ಲೇ ಸೊಗಸಾದ ನಿದರ್ಶನವಿದೆ. ಶಿವಕೋಟ್ಯಾಚಾರ್ಯನದೆಂದು ಪ್ರಸಿದ್ಧವಾದ, ಸುಮಾರು ಕ್ರಿ.ಶ. 920ರ ‘ವಡ್ಡಾರಾಧನೆ’ಯು ಉಪಸರ್ಗಗಳನ್ನು ಸಹಿಸಿ ಸಮಾಧಿಮರಣವನ್ನು ಪಡೆದ ಮಹಾಪುರುಷರ 19 ಕಥೆಗಳ ಸಂಕಲನ. ಇಡ್ಲಿಯ ಪೂರ್ವರೂಪವಾದ ‘ಇಡ್ಡಲಿಗೆ’ಯ ಅತಿಪ್ರಾಚೀನ ಉಲ್ಲೇಖ ದೊರೆಯುವುದು ಈ ಗ್ರಂಥದಲ್ಲಿಯೇ, ಮನೆಗೆ ಬಂದ ಅತಿಥಿಗೆ ಬಡಿಸಿದ ಭಕ್ಷ್ಯಗಳ ಸಾಲಿನಲ್ಲಿ. ಅನ್ನವನ್ನು ತೊರೆದವರ ಕಥೆ ಹೇಳಹೊರಟ ಗದ್ಯವು ಬಡಿಸಿದ ತಿನಿಸುಗಳನ್ನೂ ಬಿಡದೆ ಹೆಸರಿಸಿತು. ಆ ಪಟ್ಟಿ ಇಲ್ಲವಾಗಿದ್ದರೆ ಇಂದು ಮನೆಮನೆಯ ತಿಂಡಿಯಾಗಿರುವ ಇಡ್ಲಿಯ ಪ್ರಾಚೀನತೆಯ ಬಗೆಗೆ ಆಧಾರವೊಂದು ತಪ್ಪಿಹೋಗುತ್ತಿತ್ತು.

ಅಲ್ಲಿಂದ ಸುಮಾರು ನೂರು ವರ್ಷಗಳ ತರುವಾಯ, ಕಲ್ಯಾಣ ಚಾಲುಕ್ಯ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ವನ್ನು (ಸು. 1025) ರಚಿಸಿದನು. ಜಲಶೋಧನೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ವೈದ್ಯ ಮೊದಲಾದ ನಿತ್ಯೋಪಯೋಗಿ ವಿದ್ಯೆಗಳ ನಡುವೆ ಸೂಪಶಾಸ್ತ್ರಕ್ಕೂ ಅಲ್ಲಿ ಒಂದು ಅಧ್ಯಾಯ ದೊರೆತಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ಅರೆದು, ಮೊಸರಿನ ತಿಳಿನೀರು ಮತ್ತು ಸಂಬಾರಗಳನ್ನು ಬೆರೆಸುವ ವಿಧಾನವನ್ನು ಚಾವುಂಡರಾಯ ಹೇಳುತ್ತಾನೆ. ಇಂದಿನ ಇಡ್ಲಿಗೆ ಅಗತ್ಯವಾದ ಅಕ್ಕಿತರಿ, ಹಿಟ್ಟನ್ನು ಹುದುಗಿಸುವುದು, ಹಬೆಯಲ್ಲಿ ಬೇಯಿಸುವುದು ಈ ಮೂರು ಆರಂಭದ ದಾಖಲೆಗಳಲ್ಲಿ ಕಾಣುವುದಿಲ್ಲವೆಂದು ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚಯ ಅವರು ಗುರುತಿಸಿದರು. ಒಂದು ತಿಂಡಿ ಕಾಲಕಾಲಕ್ಕೆ ಬದಲಾದ ಬಗೆಯನ್ನು ಹೀಗೆ ಗುರುತಿಸಲು ಸಾಧ್ಯವಾದದ್ದು, ಹಿಂದಿನವರು ಸಾಮಾನ್ಯವೆಂದು ಬಿಡದೆ ಬರೆದಿಟ್ಟಿದ್ದರಿಂದ.

ಮುಂದೆ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ (1129) ಅನ್ನಭೋಗವು ರಾಜಭೋಗಗಳಲ್ಲಿ ಒಂದಾಗಿ ವಿಸ್ತಾರ ಪಡೆಯಿತು. ಅರಮನೆಯ ಆ ಅಡುಗೆಯಲ್ಲಿ ಮಾಂಸದ ಪಾಕಗಳಿಗೂ ಹೇರಳ ಸ್ಥಾನವಿತ್ತು. ಲೋಕೋಪಕಾರದಲ್ಲಿ ಜನರ ಉಪಯೋಗಕ್ಕೆಂದು ಬಂದ ಅಡುಗೆ, ಇಲ್ಲಿ ಅರಸನ ವೈಭವದ ಭಾಗವಾಯಿತು. ಮಂಗರಸನು ಈ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದನು ಎಂಬುದು ಮುಂದಿನ ಪ್ರಶ್ನೆ.

ಕಲ್ಲಹಳ್ಳಿಯ ಮಂಗರಸ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಮಂಗರಸ ಅಥವಾ ಮಂಗರಾಜ ಎಂಬ ಹೆಸರಿನ ಮೂವರು ಜೈನ ಗ್ರಂಥಕಾರರಿದ್ದಾರೆ. ಒಂದನೆಯವನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಬರೆದನು. ಎರಡನೆಯವನಾದ ಅಭಿನವ ಮಂಗರಾಜನು ನಿಘಂಟನ್ನು ರಚಿಸಿದನು. ಮೂರನೆಯವನು ಪಾಕವನ್ನು ಕುರಿತು ಬರೆದನು. ವಿಷ, ಪದ, ಅನ್ನ ಈ ಮೂರೂ ನಿತ್ಯಜೀವನಕ್ಕೆ ಸೇರಿದ ವಿಷಯಗಳೆಂಬುದು ಗಮನಾರ್ಹ. ಶ್ರೀಧರಾಚಾರ್ಯನ ‘ಜಾತಕತಿಲಕ’, ಕೀರ್ತಿವರ್ಮನ ‘ಗೋವೈದ್ಯ’, ರಾಜಾದಿತ್ಯನ ಗಣಿತ ಗ್ರಂಥಗಳು, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ ಇವುಗಳನ್ನೂ ಸೇರಿಸಿ ನೋಡಿದರೆ, ಶಾಸ್ತ್ರವನ್ನು ದೇಶಭಾಷೆಗೆ ತಂದು ಜನರ ಕೈಗಿಡುವ ಜೈನ ಪರಂಪರೆಯ ವಿಸ್ತಾರ ಗೋಚರಿಸುತ್ತದೆ.

ಮೂರನೆಯ ಮಂಗರಸನು ಚೆಂಗಾಳ್ವರ ಆಶ್ರಯದಲ್ಲಿ ಕಲ್ಲಹಳ್ಳಿಯನ್ನು ಆಳಿಕೊಂಡಿದ್ದ ಮನೆತನದವನು, ವಿಜಯಭೂಪಾಲನ ಮಗ. ‘ಜಯನೃಪಕಾವ್ಯ’, ‘ಪ್ರಭಂಜನ ಚರಿತೆ’, ‘ಶ್ರೀಪಾಲ ಚರಿತೆ’, ‘ಸಮ್ಯಕ್ತ್ವ ಕೌಮುದಿ’, ‘ನೇಮಿಜಿನೇಶ ಸಂಗತಿ’ ಇವು ಅವನ ಇತರ ಕೃತಿಗಳು. ಸೂಪಶಾಸ್ತ್ರದ ಆರು ಅಧ್ಯಾಯಗಳಲ್ಲಿ ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನ ಮತ್ತು ಪಾಯಸದ ಬಗೆಗಳು, ಬದನೆಯ ಪಾಕಗಳು, ಹಲಸು-ಬಾಳೆಗಳ ಪಾಕಗಳು, ಕಳಲೆ ಮತ್ತು ನೆಲ್ಲಿಯ ಪಾಕಗಳು ಕ್ರಮವಾಗಿ ಬರುತ್ತವೆ. ಹಲಸು, ಬಾಳೆ, ಬಿದಿರುಕಳಲೆಗಳಿಗೆ ದೊರೆತ ಪ್ರಾಶಸ್ತ್ಯವು ಕೊಡಗಿನ ಅಂಚಿಗೆ ತಾಗಿದ ಚೆಂಗಾಳ್ವ ಸೀಮೆಯ ನೆಲವನ್ನು ನೆನಪಿಸುತ್ತದೆ. ಕವಿ ತನ್ನ ಸುತ್ತಲಿನ ಅಡುಗೆಮನೆಗಳನ್ನು ಕಂಡು ಬರೆದಿದ್ದಾನೆ.

ಬರಹದ ಸೂಕ್ಷ್ಮತೆಗೆ ರೊಟ್ಟಿಯ ಪ್ರಕರಣವೊಂದೇ ಸಾಕು. ಚುಚ್ಚು ರೊಟ್ಟಿ, ಉದುರು ರೊಟ್ಟಿ ಮುಂತಾಗಿ ಅದು ಬಗೆಬಗೆಯಾಗಿ ಹೆಸರು ಪಡೆದಿದೆ. ಎರಡು ತಟ್ಟೆಗಳ ನಡುವೆ ಗೋಧಿಹಿಟ್ಟಿನ ದಪ್ಪ ರೊಟ್ಟಿಯನ್ನಿಟ್ಟು, ಕೆಳಗೂ ಮೇಲೂ ಕೆಂಡವಿರಿಸಿ ಬೇಯಿಸುವುದು ಮುಚ್ಚಳ ರೊಟ್ಟಿ. ಪದಾರ್ಥದೊಡನೆ ಪಾತ್ರೆ ಮತ್ತು ಬೆಂಕಿಯ ಸ್ಥಾನವನ್ನೂ ಹೇಳಿರುವುದರಿಂದ ಐದು ಶತಮಾನಗಳ ಮೇಲೂ ಆ ರೊಟ್ಟಿಯನ್ನು ಮಾಡಿ ನೋಡಬಹುದಾಗಿದೆ. ವಾರ್ಧಕ ಷಟ್ಪದಿಯ ಆಯ್ಕೆಯೂ ಉದ್ದೇಶಪೂರ್ವಕವಾಗಿರಬೇಕು. ಐದು ಮಾತ್ರೆಯ ಗಣಗಳ ನಡಿಗೆ ಕಂಠಸ್ಥವಾಗಲು ಸುಲಭ. ಓಲೆಗರಿ ಕೈಯಲ್ಲಿಲ್ಲದವರೂ ಪದ್ಯವನ್ನು ನೆನೆದು ಒಲೆಯ ಮುಂದೆ ಕೂರಬಹುದು.

ನಾಲ್ಕನೆಯ ಅಧ್ಯಾಯವು ಇನ್ನೊಂದು ಕುತೂಹಲವನ್ನು ಹುಟ್ಟಿಸುತ್ತದೆ. ಬಹುಬೀಜವೆಂಬ ಕಾರಣದಿಂದ ಬದನೆಯನ್ನು ತ್ಯಾಜ್ಯವೆಂದು ಎಣಿಸುವ ಪಟ್ಟಿಗಳು ಜೈನ ಆಚಾರ ಪರಂಪರೆಯಲ್ಲಿವೆ. ಆದರೂ ಮಂಗರಸನು ಬದನೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ವ್ರತಿಗಳ ನಿಯಮವನ್ನು ಎಲ್ಲರ ಮೇಲೆ ಹೇರುವುದು ಅವನ ಉದ್ದೇಶವಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಗ್ರಂಥವು ಆದ್ಯಂತ ಸಸ್ಯಾಹಾರಿಯಾಗಿರುವುದು ಅವನು ಬಿಟ್ಟುಕೊಡದ ಗಡಿ. ಆ ಗಡಿಯೊಳಗೆ ಜನ ಏನನ್ನು ಉಣ್ಣುತ್ತಿದ್ದರೋ ಅದೆಲ್ಲವೂ ಅವನಿಗೆ ಬರೆಯತಕ್ಕದ್ದೇ.

ಪಾಕಶಾಸ್ತ್ರದ ನಾಯಕರು

ಭಾರತೀಯ ಪಾಕಪರಂಪರೆ ತನ್ನ ಆದರ್ಶ ನಾಯಕರನ್ನಾಗಿ ನಳ ಮತ್ತು ಭೀಮರನ್ನು ಸ್ವೀಕರಿಸಿದೆ. ನಳನ ಹೆಸರಿನಲ್ಲಿ ‘ಪಾಕದರ್ಪಣ’ವೆಂಬ ಸಂಸ್ಕೃತ ಗ್ರಂಥವೇ ಇದೆ, ನಳಪಾಕ, ಭೀಮಪಾಕಗಳು ಕನ್ನಡದ ಬಳಕೆಮಾತುಗಳಾಗಿವೆ. ಇವರಿಬ್ಬರೂ ಕ್ಷತ್ರಿಯರು, ಕಷ್ಟಕಾಲದಲ್ಲಿ ವೇಷ ಮರೆಸಿಕೊಂಡು ಅಡುಗೆಯವರಾದವರು. ರಾಜ್ಯ ಕಳೆದುಕೊಂಡ ನಳನು ಬಾಹುಕನಾಗಿ ಋತುಪರ್ಣನ ಬಳಿ ಸೇರಿದನು. ಭೀಮನು ವಲಲನಾಗಿ ವಿರಾಟನ ಪಾಕಶಾಲೆಯನ್ನು ಹೊಕ್ಕನು. ಅಧಿಕಾರ, ಹೆಸರು, ರೂಪ ಎಲ್ಲವನ್ನೂ ಬಿಟ್ಟುಕೊಟ್ಟ ಮೇಲೂ ಅವರ ಜೊತೆ ಉಳಿದದ್ದು ಕೈಯ ರುಚಿ. ಪುಟ್ಟ ಸೀಮೆಯ ಒಡೆತನದ ಮನೆತನದಲ್ಲಿ ಹುಟ್ಟಿದ ಮಂಗರಸನಿಗೆ, ಅರಸುಮಗನು ಅಡುಗೆಯನ್ನು ಕುರಿತು ಬರೆಯುವುದು ಅಗೌರವವಲ್ಲ ಎಂಬ ಧೈರ್ಯವನ್ನು ಈ ನಾಯಕರು ಕೊಟ್ಟಿರಬಹುದು.

ಆದರೆ ಈ ಆದರ್ಶದಲ್ಲಿ ಜೈನ ಕವಿಗೆ ಒಂದು ತೊಡಕಿತ್ತು. ಮಹಾಭಾರತದ ನಳೋಪಾಖ್ಯಾನದಲ್ಲಿ ದಮಯಂತಿಯು ಬಾಹುಕನೇ ನಳನೆಂದು ನಿಶ್ಚಯಿಸುವುದು ಅವನು ಬೇಯಿಸಿದ ಮಾಂಸದ ರುಚಿಯಿಂದ. ನಳನ ಕೈಗುಣವನ್ನು ಒಪ್ಪಬಹುದು, ಅವನ ಪಾಕವನ್ನು ಇಡಿಯಾಗಿ ಒಪ್ಪಲಾಗದು. ಆದುದರಿಂದ ಮಂಗರಸನ ನಿಜವಾದ ನಾಯಕನನ್ನು ಅವನದೇ ಇನ್ನೊಂದು ಕೃತಿಯಲ್ಲಿ ಹುಡುಕಬೇಕಾಗುತ್ತದೆ. ಅದು ‘ನೇಮಿಜಿನೇಶ ಸಂಗತಿ’.

22ನೆಯ ತೀರ್ಥಂಕರ ನೇಮಿನಾಥನ ಚರಿತೆಯ ತಿರುವು ಒಂದು ಮದುವೆಯ ಊಟ. ರಾಜೀಮತಿಯನ್ನು ವರಿಸಲು ದಿಬ್ಬಣದೊಡನೆ ಹೊರಟ ನೇಮಿಗೆ ದಾರಿಯಲ್ಲಿ ಕೂಡಿಹಾಕಿದ ಪ್ರಾಣಿಗಳ ಆರ್ತನಾದ ಕೇಳಿಸುತ್ತದೆ. ಅವು ಏಕೆ ಅಲ್ಲಿವೆಯೆಂದು ಕೇಳಿದಾಗ, ತನ್ನ ಮದುವೆಯ ಔತಣಕ್ಕೆಂದೇ ತಂದವು ಎಂಬ ಉತ್ತರ ದೊರೆಯುತ್ತದೆ. ನೇಮಿ ಅಲ್ಲಿಂದಲೇ ಹಿಂದಿರುಗಿ ಊರ್ಜಯಂತಗಿರಿಗೆ ತಪಸ್ಸಿಗೆ ನಡೆಯುತ್ತಾನೆ. ಜೈನ ಪುರಾಣಗಳಲ್ಲಿ ವೈರಾಗ್ಯಕ್ಕೆ ಕಾರಣಗಳು ಹಲವು. ಆದರೆ ಅಡುಗೆಮನೆಯೇ ವೈರಾಗ್ಯದ ನಿಮಿತ್ತವಾದ ಪ್ರಸಂಗ ಇದಕ್ಕಿಂತ ತೀಕ್ಷ್ಣವಾದುದು ಇನ್ನೊಂದಿಲ್ಲ.

ಈ ಚರಿತೆಯನ್ನು ಹಾಡಿದ ಕವಿಯೇ ಸೂಪಶಾಸ್ತ್ರವನ್ನೂ ಬರೆದನೆಂಬ ಸಂಗತಿಯನ್ನು ಸಾಹಿತ್ಯ ಚರಿತ್ರೆಗಳು ಎರಡು ಬೇರೆ ಬೇರೆ ಸಾಲುಗಳಲ್ಲಿ ದಾಖಲಿಸಿ ಮುಂದೆ ಸಾಗುತ್ತವೆ. ಎರಡನ್ನೂ ಒಟ್ಟಿಗೆ ಓದಿದರೆ ಮಂಗರಸನ ಪ್ರೇರಣೆಯ ಸ್ವರೂಪ ಸ್ಪಷ್ಟವಾಗುತ್ತದೆ. ನೇಮಿನಾಥನು ತೊರೆದ ಔತಣಕ್ಕೆ ಪರ್ಯಾಯವಾದ ಔತಣ ಯಾವುದು? ಯಾವ ಜೀವಿಯ ಕೂಗೂ ಕೇಳಿಸದ, ಆದರೂ ಮದುವೆಮನೆಯ ಸಂಭ್ರಮಕ್ಕೆ ಕೊರತೆಯಾಗದ ಊಟವನ್ನು ಗೃಹಸ್ಥರಿಗೆ ತೋರಿಸಿಕೊಡುವುದು ಹೇಗೆ? ಮುನಿಯಾದವನು ಔತಣವನ್ನು ಬಿಟ್ಟು ನಡೆಯಬಹುದು. ಗೃಹಸ್ಥನು ಬಂದವರಿಗೆ ಬಡಿಸಲೇಬೇಕು. ಹಿಂಸೆಯಿಲ್ಲದ ಊಟ ಸಪ್ಪೆಯೂ ಅಲ್ಲ, ಬಡವೂ ಅಲ್ಲ ಎಂಬುದನ್ನು ವಾದದಿಂದ ಸ್ಥಾಪಿಸುವ ಮಾರ್ಗ ಹಿಂದೆಯೇ ಇತ್ತು. ‘ಕಲ್ಯಾಣಕಾರಕ’ದ ಕರ್ತೃವಾದ ಉಗ್ರಾದಿತ್ಯಾಚಾರ್ಯರು ಅಮೋಘವರ್ಷನ ಸಭೆಯಲ್ಲಿ ಮಾಂಸಾಹಾರದ ನಿಷ್ಫಲತೆಯನ್ನು ಪ್ರತಿಪಾದಿಸಿದ್ದರು. ಮಂಗರಸನು ವಾದಕ್ಕೆ ಹೋಗದೆ ಬದನೆ, ಬಾಳೆ, ಹಲಸುಗಳಿಂದ ಎಲೆಯನ್ನು ತುಂಬಿಸಿದನು. ಸೂಪಶಾಸ್ತ್ರವನ್ನು ಹೀಗೆ ಓದುವುದಕ್ಕೆ ಅವನ ಕೃತಿಗಳೇ ಎಡೆಮಾಡಿಕೊಡುತ್ತವೆ.

ಆಹಾರದಾನ, ಶಾಸ್ತ್ರದಾನ

ಜೈನ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ದಾನಗಳು ನಾಲ್ಕು: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಬಸದಿಗಳಿಗೆ ಭೂಮಿ ಬಿಟ್ಟಾಗ ಋಷಿಯರ ಆಹಾರದಾನಕ್ಕೆಂದು ನಮೂದಿಸುವುದು ವಾಡಿಕೆ. 1159ರಲ್ಲಿ ಶ್ರವಣಬೆಳಗೊಳದ ಭಂಡಾರಿ ಬಸದಿಗೆ ಕಾರಣನಾದ ಹೊಯ್ಸಳ ಅಧಿಕಾರಿ ಹುಳ್ಳನು ಕೊಪಣ ಮಹಾತೀರ್ಥದ ಮುನಿಸಂಘಕ್ಕೂ ದತ್ತಿಯ ಏರ್ಪಾಡು ಮಾಡಿದ್ದನು. ಆಹಾರದಾನವು ಆ ಹೊತ್ತಿನ ಹಸಿವನ್ನು ನೀಗುತ್ತದೆ. ಶಾಸ್ತ್ರದಾನವು ಓಲೆಗರಿಯ ಪ್ರತಿಗಳಲ್ಲಿ ತಲೆಮಾರುಗಳನ್ನು ದಾಟುತ್ತದೆ. ಪಾಕಗ್ರಂಥದಲ್ಲಿ ಇವೆರಡೂ ಒಂದಾಗುತ್ತವೆ. ನಿರ್ಜೀವಹಿಂಸೆಯ ಊಟವನ್ನು ಕಲಿಸುವುದರಿಂದ ಅದು ಅಭಯದಾನ. ಪಥ್ಯವನ್ನು ತಿಳಿಸುವ ಮಟ್ಟಿಗೆ ಭೈಷಜ್ಯದಾನ. ಅಡುಗೆಯನ್ನು ಬರೆದಿಡುವುದು ಹಗುರವಾದ ಕೆಲಸವೆಂಬ ಆಕ್ಷೇಪಕ್ಕೆ ಈ ಪರಂಪರೆಯಲ್ಲಿ ಇದಕ್ಕಿಂತ ಬಲವಾದ ಸಮಾಧಾನ ಬೇಕಿಲ್ಲ.

ಮಂಗರಸ ಬರೆಯದೆ ಉಳಿದದ್ದು

ಆದರ್ಶ ನಾಯಕನನ್ನು ಗೌರವಿಸುವುದೆಂದರೆ ಅವನನ್ನು ಮತ್ತೆ ಮತ್ತೆ ಹೊಗಳುವುದಲ್ಲ. ಅವನು ನಿಲ್ಲಿಸಿದ ಕಡೆಯಿಂದ ಮುಂದೆ ಸಾಗುವುದು. ಸೂಪಶಾಸ್ತ್ರದ ಆರು ಅಧ್ಯಾಯಗಳಲ್ಲಿ ಜೋಳಕ್ಕೆ ಮೀಸಲಾದ ಅಧ್ಯಾಯವಿಲ್ಲ. ಕಲ್ಲಹಳ್ಳಿಯ ಕವಿ ತನ್ನ ನೆಲದ ಹಲಸು, ಕಳಲೆಗಳನ್ನು ಬರೆದನು. ಕೊಪಣ ನಾಡಿನ ಒಣಬೇಸಾಯದ ಊಟ ತನ್ನ ಮಂಗರಸನಿಗಾಗಿ ಇನ್ನೂ ಕಾಯುತ್ತಿದೆ.

ಕುಷ್ಟಗಿ, ಯಲಬುರ್ಗಾ ಸೀಮೆಯ ಜೋಳದ ರೊಟ್ಟಿಯನ್ನೇ ನೋಡಬಹುದು. ಕುದಿಯುವ ಎಸರನ್ನು ಹಿಟ್ಟಿಗೆ ಎಷ್ಟು ಸುರಿಯಬೇಕು, ಹಿಟ್ಟು ಹಳೆಯದಾಗಿ ಜಿಗಿ ಕಳೆದುಕೊಂಡಿದ್ದರೆ ಏನು ಮಾಡಬೇಕು, ಬಡಿಯುವಾಗ ಅಂಚು ಸೀಳದಂತೆ ಕೈಯನ್ನು ಹೇಗೆ ತಿರುಗಿಸಬೇಕು, ಹಂಚಿನ ಮೇಲೆ ಹಾಕಿದ ಮೇಲೆ ನೀರಿನ ಬಟ್ಟೆಯನ್ನು ಯಾವಾಗ ಸವರಬೇಕು ಎಂಬುದೆಲ್ಲ ಮಂಗರಸನು ಮುಚ್ಚಳ ರೊಟ್ಟಿಗೆ ಕೊಟ್ಟಷ್ಟೇ ನಿಖರವಾದ ವಿವರಣೆಯನ್ನು ಬೇಡುವ ವಿದ್ಯೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಗುರೆಳ್ಳು ಮತ್ತು ಅಗಸಿಯ ಚಟ್ನಿಪುಡಿಗಳು, ಪುಂಡಿಪಲ್ಯ, ಮಾದಲಿ, ಹಸಿ ತೆನೆಯನ್ನು ಸುಟ್ಟು ತಿನ್ನುವ ಸೀತನಿ, ಹೊಲಕ್ಕೆ ಚರಗ ಚೆಲ್ಲುವ ದಿನದ ಬುತ್ತಿ ಇವುಗಳಲ್ಲಿ ಪ್ರತಿಯೊಂದಕ್ಕೂ ಋತು, ಬೆಳೆ, ಆಚರಣೆಗಳ ಸಂಬಂಧವಿದೆ. ಮಂಗರಸನ ಬದನೆಯ ಅಧ್ಯಾಯದ ಪಕ್ಕದಲ್ಲಿ ಈ ಸೀಮೆಯ ಎಣ್ಣೆಗಾಯಿಯನ್ನು ಇಟ್ಟು ಹೋಲಿಸುವ ಅಧ್ಯಯನಕ್ಕೂ ಅವಕಾಶವಿದೆ.

ಈ ದಾಖಲೆಯ ಕೆಲಸಕ್ಕೆ ಅವಸರವೂ ಇದೆ. ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಸಿದ್ಧವಾಗಿ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಗಂಗಾವತಿಯ ಸುತ್ತಲಿನ ನೆಲ ಭತ್ತದ ಕಣಜವಾಯಿತು. ಬೆಳೆ ಬದಲಾದಾಗ ತಟ್ಟೆಯೂ ಬದಲಾಗುತ್ತದೆ. ಒಂದೇ ಜಿಲ್ಲೆಯ ಎರಡು ಅಂಚುಗಳಲ್ಲಿ, ನೀರಾವರಿಯ ಅನ್ನ ಮತ್ತು ಒಣನೆಲದ ರೊಟ್ಟಿಗಳ ನಡುವಿನ ಈ ವ್ಯತ್ಯಾಸವನ್ನು ಕಂಡವರ ನೆನಪು ಇನ್ನೂ ಜೀವಂತವಾಗಿದೆ. ಕೆಲವು ಜೋಳದ ತಳಿಗಳ ಹೆಸರುಗಳು, ಅಳತೆಯ ಪದಗಳು, ಪಾತ್ರೆಗಳ ಹೆಸರುಗಳು ಹಿರಿಯರ ಮಾತಿನಲ್ಲಿ ಮಾತ್ರ ಉಳಿದಿವೆ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡೆಂದು ಗುರುತಿಸಿದ ಪ್ರದೇಶದಲ್ಲಿ ಅಡುಗೆಮನೆಯ ನುಡಿ ಸವೆಯುವುದೆಂದರೆ ಭಾಷೆಯ ತಿರುಳೇ ಸವೆದಂತೆ.

ನೆಲೆ ಮಾತ್ರ ಬತ್ತಿಲ್ಲ. ಪುಷ್ಯಮಾಸದಲ್ಲಿ ನಡೆಯುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಮನೆಗಳಿಂದ ರೊಟ್ಟಿಗಳು ಬಂಡಿ, ಟ್ರ್ಯಾಕ್ಟರುಗಳಲ್ಲಿ ಬರುತ್ತವೆ. ಅಶೋಕನ ಶಾಸನವಿರುವ ಗವಿಮಠದ ಬೆಟ್ಟದ ಮಗ್ಗುಲಲ್ಲೇ, ಸಲ್ಲೇಖನದ ನೆನಪುಗಳನ್ನು ಹೊತ್ತ ಊರಿನಲ್ಲೇ, ಲಕ್ಷಾಂತರ ಜನ ಒಂದೇ ಪಂಕ್ತಿಯ ಭಾವದಲ್ಲಿ ಉಣ್ಣುತ್ತಾರೆ. ಜೈನರ ಆಹಾರದಾನ ಮತ್ತು ಶರಣರ ದಾಸೋಹ ಬೇರೆ ಬೇರೆ ದರ್ಶನಗಳಿಂದ ಹುಟ್ಟಿದವು. ಬಡಿಸುವ ಕೈಯನ್ನು ಗೌರವಿಸುವುದರಲ್ಲಿ ಎರಡೂ ಒಂದೇ. ಆ ರೊಟ್ಟಿಗಳ ಹಿಂದಿರುವ ಸಾವಿರಾರು ಕೈಗಳ ವಿದ್ಯೆ ಇನ್ನೂ ಶಾಸ್ತ್ರವಾಗಿಲ್ಲ.

ಮಂಗರಸನ ಗ್ರಂಥವು ಇಂಗ್ಲಿಷಿಗೆ ಅನುವಾದಗೊಂಡು 2012ರಲ್ಲಿ ಇಂಟ್ಯಾಕ್ ಸಂಸ್ಥೆಯಿಂದ ಪ್ರಕಟವಾಯಿತು. ಐದು ನೂರು ವರ್ಷಗಳ ಬಳಿಕ ಕಲ್ಲಹಳ್ಳಿಯ ಅಡುಗೆಮನೆ ಹೊರನಾಡಿನ ಓದುಗರಿಗೂ ತೆರೆಯಿತು. ತನ್ನ ಕಾಲದ ಬದನೆಯ ಪಲ್ಯವನ್ನು ಮುಂದಿನವರು ಯಾರು ಓದುತ್ತಾರೆಂಬ ಅರಿವು ಅವನಿಗಿರಲು ಸಾಧ್ಯವಿರಲಿಲ್ಲ. ಆದರೂ ಅವನು ಬರೆಯುವುದನ್ನು ನಡುವೆ ನಿಲ್ಲಿಸಲಿಲ್ಲ. ಆರನೆಯ ಅಧ್ಯಾಯದ ನೆಲ್ಲಿಯವರೆಗೂ ಕ್ರಮ ತಪ್ಪದೆ ನಡೆದನು. ಕುಷ್ಟಗಿಯ ಸಜ್ಜೆರೊಟ್ಟಿಯನ್ನೋ ಯಲಬುರ್ಗಾದ ಪುಂಡಿಪಲ್ಯವನ್ನೋ ಬರೆಯಲು ಕುಳಿತು, ಇದು ಯಾರಿಗೆ ಬೇಕೆಂದು ಲೇಖನಿಯನ್ನು ಕೆಳಗಿಡುವವರು ಆ ಆರನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಬೇಕು.